ಚಾರ್ಜರ್ ಕಿತ್ತ ಮೇಲೆ

"ಇನ್ನೊಂದ್ಸಲ ಒತ್ತಿ," ಎಂದಳು ಇನ್‌ಸ್ಪೆಕ್ಟರ್.

ದಫೇದಾರ ಲ್ಯಾಪ್‌ಟಾಪಿನ ಗುಂಡಿ ಒತ್ತಿದ. ಮೇಜಿನ ಮೇಲಿದ್ದ ಎರಡು ದಪ್ಪ ಸ್ಪೀಕರುಗಳಿಂದ ಸತ್ತವನ ದನಿ ಹೊರಬಂತು. "ಅಧ್ಯಾಯ ಏಳು. ದೋಣಿ ದಡ ಮುಟ್ಟುವ ಹೊತ್ತಿಗೆ ಗಾಳಿ ನಿಂತಿತ್ತು..." ಕಂಚಿನ ಕಂಠ. ಠಾಣೆಯ ಕಿಟಕಿಯ ಗಾಜು ಸಣ್ಣಗೆ ಅದುರಿತು. ಆದರೆ ದನಿಗೂ ಮೊದಲು ಬರಬೇಕಿದ್ದ ಸದ್ದು ಬರಲೇ ಇಲ್ಲ.

"ಟಕ್ ಅನ್ಲಿಲ್ಲ, ಮೇಡಂ."

"ನನಗೂ ಕಿವಿ ಇದೆ."

"ಅದಲ್ಲ, ಬೆಳಿಗ್ಗೆಯಿಂದ ಒತ್ತೊತ್ತಿ ನನ್ನ ಬೆರಳೇ ಟಕ್ ಅಂತಿದೆ."

ಇನ್‌ಸ್ಪೆಕ್ಟರ್ ನಗಲಿಲ್ಲ. ಠಾಣೆಯಲ್ಲಿ ಬೆನ್ನ ಹಿಂದೆ ಅವಳನ್ನು ನಿಧಾನಮ್ಮ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು, ಬೇಜಾರೇನೂ ಇರಲಿಲ್ಲ. ಅವಳ ಬೇಜಾರು ಬೇರೆ ಇತ್ತು. ಈ ಕೇಸಿನಲ್ಲಿ ಮಾತ್ರ ಅವಳು ನಿಧಾನ ಮಾಡಿರಲಿಲ್ಲ. ಹೆಣ ನೋಡಿದ ದಿನವೇ ಸೋದರಳಿಯನನ್ನು ಹಿಡಿದು ಒಳಗೆ ಹಾಕಿದ್ದಳು. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಒಯ್ಯಬೇಕು. ಒಯ್ದ ಮೇಲೆ ಅವನು ಅವಳ ಕೈಯಿಂದ ಜಾರಿದಂತೆಯೇ ಲೆಕ್ಕ. ಮೇಲಿನ ಸಾಹೇಬರು ಆಗಲೇ ಫೋನಿನಲ್ಲಿ ಶಹಬ್ಬಾಸ್ ಹೇಳಿ ಮುಗಿಸಿದ್ದರು.

ಸತ್ತವನು ಓದು-ಸ್ಟುಡಿಯೋದ ಯಜಮಾನ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಗಟ್ಟಿಯಾಗಿ ಓದಿ ದನಿ ಮುದ್ರಿಸುವುದು ಅಲ್ಲಿನ ಕೆಲಸ. ಊಟ ಮುಗಿಸಿ ಒಳಕೋಣೆ ಸೇರಿದವನು ಸಂಜೆಯವರೆಗೂ ಓದುತ್ತಿದ್ದುದನ್ನು ಹೊರಗೆ ಕೂತ ಇಬ್ಬರು ಕೇಳಿಸಿಕೊಂಡಿದ್ದರು. ಓದು ನಿಂತ ಸ್ವಲ್ಪ ಹೊತ್ತಿಗೆ ಸೋದರಳಿಯ ರಿಪೇರಿ ಅಂಗಡಿಯಿಂದ ಬಂದು ಒಳಗೆ ಹೋದ, ಕಿರುಚಿದ. ಮಾವ ನೆಲದ ಮೇಲಿದ್ದ. ತಲೆಗೆ ಮೈಕಿನ ಕಬ್ಬಿಣದ ಸ್ಟ್ಯಾಂಡಿನಿಂದ ಪೆಟ್ಟು ಬಿದ್ದಿತ್ತು. ಸ್ಟ್ಯಾಂಡಿನ ಮೇಲೆ ಸೋದರಳಿಯನ ಬೆರಳಚ್ಚು ಧಾರಾಳವಾಗಿತ್ತು. ಅದನ್ನು ದಿನಾ ಎತ್ತಿಡುವವನೂ ಅವನೇ.

ಇಷ್ಟಕ್ಕೆ ಕೇಸು ಮುಗಿದಿತ್ತು. ಆದರೆ ನಿನ್ನೆ, ಸ್ಟುಡಿಯೋದಲ್ಲಿ ಮುದ್ರಣದ ತಪ್ಪು ಹಿಡಿಯುವ ಹೆಂಗಸು, ಎಲ್ಲರೂ 'ಕಿವಿ' ಎಂದು ಕರೆಯುವವಳು, ಹೋಗುವ ಮುಂಚೆ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದ್ದಳು. "ಅವತ್ತು ಯಜಮಾನ್ರು ಓದೋಕೆ ಶುರು ಮಾಡೋ ಮುಂಚೆ ಟಕ್ ಅಂತ ಒಂದು ಸದ್ದು ಬರ್ತಿತ್ತು ಮೇಡಂ. ಮನುಷ್ಯನ ಗಂಟಲು ಹಾಗೆ ಸದ್ದು ಮಾಡಲ್ಲ. ಸ್ಪೀಕರ್ ಮಾಡುತ್ತೆ."

ಓದಿದ್ದು ಮನುಷ್ಯನಲ್ಲ, ಸ್ಪೀಕರು. ಅಂದರೆ ದನಿ ಕೇಳುತ್ತಿದ್ದಾಗ ಯಜಮಾನ ಆಗಲೇ ಸತ್ತಿದ್ದ. ಆ ಮಧ್ಯಾಹ್ನವೆಲ್ಲ ಸೋದರಳಿಯ ರಿಪೇರಿ ಅಂಗಡಿಯ ಕ್ಯಾಮೆರಾದಲ್ಲಿ ಆಕಳಿಸುತ್ತಾ ಕೂತಿದ್ದ. ಒಂದು ಟಕ್ ಅಂದಿದ್ದರೆ ಹುಡುಗ ಮನೆಗೆ ಹೋಗುತ್ತಿದ್ದ. ಅದು ಅನ್ನುತ್ತಿಲ್ಲ.

ಹೊರಗಿನ ಬೆಂಚಿನ ಮೇಲೆ ಅವನ ತಾಯಿ ಕೂತಿದ್ದಳು. ಬೆಳಿಗ್ಗೆ ಠಾಣೆ ಗುಡಿಸುವ ಮುಂಚೆಯೇ ಬಂದಿದ್ದಳು, ಮಡಿಲಲ್ಲಿ ಮಗನ ಊಟದ ಡಬ್ಬಿ. ಸತ್ತವನು ಅವಳ ಒಡಹುಟ್ಟಿದ ಅಣ್ಣ. ಅಣ್ಣನಿಗಾಗಿ ಅಳಲೋ ಮಗನಿಗಾಗಿ ಅಳಲೋ ತಿಳಿಯದೆ ಎರಡನ್ನೂ ಬಿಟ್ಟು ಸುಮ್ಮನೆ ಕೂತಿದ್ದಳು. ಇನ್‌ಸ್ಪೆಕ್ಟರ್ ಆ ಕಡೆ ಹೋಗಬೇಕಾದಾಗಲೆಲ್ಲ ಸುತ್ತು ಹಾಕಿಕೊಂಡು ಹಿಂದಿನ ಬಾಗಿಲಿನಿಂದ ಹೋಗುತ್ತಿದ್ದಳು.

"ಅವನನ್ನ ಕರ್ಕೊಂಡು ಬನ್ನಿ," ಎಂದಳು.

*

ಸೋದರಳಿಯ ಬಂದು ನಿಂತ. ಲಾಕಪ್ಪಿನಲ್ಲಿ ನಿದ್ದೆಯಿಲ್ಲದೆ ಕಣ್ಣು ಕೆಂಪಾಗಿತ್ತು. ಲ್ಯಾಪ್‌ಟಾಪು ಕಂಡದ್ದೇ ತಡ ಮುಖಕ್ಕೆ ಸ್ವಲ್ಪ ಕಳೆ ಬಂತು. ಕೆಲವರಿಗೆ ನೆಂಟರನ್ನು ಕಂಡರೆ ಹಾಗಾಗುತ್ತದೆ.

"ಇದು ಯಾವಾಗ ಟಕ್ ಅನ್ನುತ್ತೆ?"

"ಅದಾ? ಸೌಂಡ್ ಕಾರ್ಡ್ ಎದ್ದೇಳೋ ಸದ್ದು ಅದು."

"ಸರಿಯಾಗಿ ಹೇಳಪ್ಪ. ನಾನು ಪೊಲೀಸು, ಮೆಕ್ಯಾನಿಕ್ ಅಲ್ಲ."

"ಕಂಪ್ಯೂಟರಲ್ಲಿ ಸದ್ದು ಮಾಡೋ ಭಾಗ ಒಂದಿದೆ ಮೇಡಂ. ಸ್ವಲ್ಪ ಹೊತ್ತು ಏನೂ ಕೆಲಸ ಇಲ್ದಿದ್ರೆ ಕರೆಂಟ್ ಉಳಿಸೋಕೆ ಅದು ಮಲಗಿಬಿಡುತ್ತೆ. ಮಲಗು ಅಂತ ಹೇಳೋದು ಡ್ರೈವರ್."

"ಡ್ರೈವರ್ರಾ?" ದಫೇದಾರ ನಡುವೆ ಬಾಯಿ ಹಾಕಿದ.

"ಗಾಡಿ ಡ್ರೈವರ್ ಅಲ್ಲ ಸಾರ್. ಆ ಕಾರ್ಡನ್ನ ನಡೆಸೋ ಸಾಫ್ಟ್‌ವೇರು. ಮತ್ತೆ ಏನಾದ್ರೂ ಹಾಡು ಹಾಕಿದ್ರೆ ಕಾರ್ಡು ಗಡಬಡಿಸಿ ಎದ್ದೇಳುತ್ತೆ. ಒಮ್ಮೆಲೇ ಕರೆಂಟ್ ಹರಿಯುತ್ತಲ್ಲ, ಆಗ ಸ್ಪೀಕರಲ್ಲಿ ಟಕ್ ಅನ್ನುತ್ತೆ."

"ಇದ್ಯಾಕೆ ಅನ್ನಲ್ಲ?"

"ನಾನೇ ನಿಲ್ಲಿಸಿಬಿಟ್ಟೆ. ಮಾವನಿಗೆ ಆ ಸದ್ದು ಕೇಳಿದ್ರೆ ಮೈಯೆಲ್ಲ ಉರೀತಿತ್ತು. 'ನನ್ನ ದನಿಗೆ ಯಾವನೋ ಚಿಟಿಕೆ ಹೊಡೀತಾನೆ' ಅಂತ ಬಯ್ಯೋರು. ಮಲಗಲೇಬೇಡ ಅಂತ ಸೆಟ್ಟಿಂಗ್ ಬದಲಾಯಿಸಿದೆ."

"ಹಾಗಾದ್ರೆ ಈ ಲ್ಯಾಪ್‌ಟಾಪಲ್ಲಿ ಟಕ್ ಬರೋ ಹಾಗೇ ಇಲ್ಲ?"

"ಇಲ್ಲ ಮೇಡಂ," ಎಂದ ಅವನು ಕಡ್ಡಿ ಮುರಿದಂತೆ.

ಇನ್‌ಸ್ಪೆಕ್ಟರ್ ಅವನ ಮುಖವನ್ನೇ ನೋಡಿದಳು. ತನ್ನ ಕುತ್ತಿಗೆಗೆ ತಾನೇ ಹಗ್ಗ ಬಿಗಿದುಕೊಳ್ಳುವವರನ್ನು ಅವಳು ಕಂಡಿದ್ದಳು, ಆದರೆ ಇಷ್ಟು ವಿನಯದಿಂದ ಬಿಗಿದುಕೊಂಡವನು ಇವನೇ ಮೊದಲು. ಅವಳಿಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಕನಿಕರವಿತ್ತು, ಅದನ್ನು ಅವಳು ಮೇಲೆ ಬರಗೊಡಲಿಲ್ಲ.

"ಕರ್ಕೊಂಡು ಹೋಗಿ."

ಹುಡುಗ ತಿರುಗಿದವನು ಹಾಗೇ ನಿಂತ. ಅವನ ಕಣ್ಣು ಲ್ಯಾಪ್‌ಟಾಪಿನ ಪಕ್ಕದಿಂದ ಗೋಡೆಯವರೆಗೆ ಹೋಗಿದ್ದ ಕಪ್ಪು ವೈರಿನ ಮೇಲಿತ್ತು.

"ಚಾರ್ಜರ್ ಯಾರು ಹಾಕಿದ್ದು?"

"ನಾನೇ," ಎಂದ ದಫೇದಾರ. "ಬ್ಯಾಟರಿ ಸತ್ತು ಸಾಕ್ಷಿ ಹಾಳಾಯ್ತು ಅಂತ ನಾಳೆ ನನ್ನ ತಲೆಗೆ ಕಟ್ಟೋದು ಬೇಡ ಅಂತ."

"ನಮ್ಮಲ್ಲಿ ಓದೋವಾಗ ಚಾರ್ಜರ್ ಹಾಕಲ್ಲ ಸಾರ್. ಹಾಕಿದ್ರೆ ಮೈಕಲ್ಲಿ ಗುಂಯ್ ಅಂತ ಸದ್ದು ಸೇರ್ಕೊಳ್ಳುತ್ತೆ. ಒಳಕೋಣೆಗೆ ಹೋದವರು ಮೊದಲು ಮಾಡೋ ಕೆಲಸ ಅದನ್ನ ಕೀಳೋದು. ಓದು ಎಲ್ಲಾ ಬ್ಯಾಟರಿ ಮೇಲೇನೇ."

"ಅದಕ್ಕೇನೀಗ?" ಎಂದಳು ಇನ್‌ಸ್ಪೆಕ್ಟರ್. ಕೇಳಿದ್ದು ಉದಾಸೀನದಿಂದಲಾದರೂ ಕಿವಿ ನೆಟ್ಟಗಾಗಿತ್ತು.

"ನಾನು ಮಲಗಬೇಡ ಅಂತ ಮಾಡಿದ್ದು ಚಾರ್ಜರ್ ಇದ್ದಾಗ ಮಾತ್ರ. ತಿದ್ದೋ ಕೆಲಸ, ಕೇಳೋ ಕೆಲಸ ಎಲ್ಲಾ ಚಾರ್ಜರ್ ಹಾಕ್ಕೊಂಡೇ ಮಾಡ್ತೀವಲ್ಲ. ಬ್ಯಾಟರಿ ಮೇಲಿದ್ದಾಗ ಮಲಗಲಿ ಅಂತ ಬಿಟ್ಟೆ. ಮಾವ ಒಂದೇ ಸಮನೆ ಓದೋರು, ಬ್ಯಾಟರಿ ಬಾಳಿಕೆ ಬರಬೇಕಿತ್ತು. ಓದೋವಾಗ ಸ್ಪೀಕರಿಗೆ ಕೆಲಸಾನೇ ಇಲ್ಲ, ಟಕ್ ಅಂದ್ರೆ ಕೇಳೋರು ಯಾರು?"

ಇನ್‌ಸ್ಪೆಕ್ಟರ್ ಎದ್ದು ಹೋಗಿ ತಾನೇ ಚಾರ್ಜರ್ ಕಿತ್ತಳು. ಪರದೆ ಒಮ್ಮೆ ಮಂಕಾಯಿತು. ಮೂವರೂ ಕಾದರು. ಪಕ್ಕದ ಕೋಣೆಯಲ್ಲಿ ಯಾರೋ ಸೀನಿದರು.

"ಈಗ ಒತ್ತಿ."

ಟಕ್.

"ಅಧ್ಯಾಯ ಏಳು. ದೋಣಿ ದಡ ಮುಟ್ಟುವ ಹೊತ್ತಿಗೆ..."

ದಫೇದಾರ ಬೆಚ್ಚಿ ಕೈ ಹಿಂದಕ್ಕೆ ಎಳೆದುಕೊಂಡ. ಹುಡುಗ ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡ. ಇನ್‌ಸ್ಪೆಕ್ಟರಿಗೆ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

"ನಿನ್ನ ಕಿವಿಯಮ್ಮ ಈ ಸದ್ದು ಒಂದ್ಸಲ ಅಲ್ಲ, ಆಗಾಗ ಬಂತು ಅಂತಾಳೆ," ಎಂದಳು. "ಓದು ಎರಡು ಸಲ ನಿಂತಿತಂತೆ. ಮತ್ತೆ ಶುರುವಾದಾಗಲೂ ಟಕ್."

ಹುಡುಗ ಯೋಚಿಸಿದ. "ಹಾಗಾದ್ರೆ ಯಾರೋ ನಿಲ್ಲಿಸಿ ನಿಲ್ಲಿಸಿ ಹಾಕಿದ್ದಾರೆ. ಫೈಲು ತನ್ನ ಪಾಡಿಗೆ ಓಡ್ತಿದ್ರೆ, ನಡುವೆ ಎಷ್ಟೇ ಮೌನ ಇದ್ರೂ ಕಾರ್ಡು ಮಲಗಲ್ಲ. ಮೌನಾನೂ ಅದಕ್ಕೆ ಕೆಲಸಾನೇ."

"ಒಳಗೇ ಕೂತು ನಿಲ್ಲಿಸಬೇಕಾ?"

"ಬೇಡ. ಮಾವನ ಮೊಬೈಲಿಂದ ಆಗುತ್ತೆ. ಕೂತಲ್ಲೇ ನಿಲ್ಲಿಸೋದು, ಹಾಕೋದು ಮಾಡೋಕೆ ನಾನೇ ಅದರಲ್ಲಿ ಒಂದು ಆಪ್ ಹಾಕಿಕೊಟ್ಟಿದ್ದೆ. ಅದು ಬಿಟ್ಟು ಇನ್ಯಾವ ಮೊಬೈಲಿಂದಲೂ ಆಗಲ್ಲ."

*

ಸ್ಟುಡಿಯೋ ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿತ್ತು. ಒಳಕೋಣೆಯ ಬಾಗಿಲು ಸದ್ದು ತಡೆಯಲೆಂದೇ ಮಾಡಿಸಿದ್ದು, ಆದರೆ ಅದರ ಅಡಿಯ ರಬ್ಬರು ಹರಿದು ಹೋಗಿತ್ತು. ಒಳಗಿನ ಓದು ಹೊರಗೆ, ಹೊರಗಿನ ಹರಟೆ ಒಳಗೆ ಧಾರಾಳವಾಗಿ ಓಡಾಡುತ್ತಿದ್ದವು. ಬಾಗಿಲ ಪಕ್ಕದಲ್ಲಿ ಕಿವಿಯ ಮೇಜು, ಎದುರಿಗೆ ಸತ್ತವನ ತಮ್ಮನ ಕುರ್ಚಿ, ಆಚೆ ತೆರೆದ ಪುಟ್ಟ ಅಡುಗೆಮನೆ. ಒಳಕೋಣೆಗೂ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಎರಡಕ್ಕೂ ಹಿಂದಿನ ಮೆಟ್ಟಿಲಿಗೆ ಒಂದೊಂದು ಬಾಗಿಲು.

ಕಿವಿಯೂ ತಮ್ಮನೂ ಅಲ್ಲೇ ಕೂತಿದ್ದರು. ಅಣ್ಣತಮ್ಮಂದಿರ ನಡುವೆ ಮಾತು ನಿಂತು ಬಹಳ ಕಾಲವಾಗಿತ್ತು. ಮನುಷ್ಯರು ಓದುವುದು ಬೇಡ, ಯಂತ್ರದ ದನಿಯೇ ಸಾಕು ಎಂದು ತಮ್ಮ. ತಾನು ಬದುಕಿರುವವರೆಗೂ ಅದು ಆಗದ ಮಾತು ಎಂದು ಅಣ್ಣ. ಈಗ ಅಣ್ಣ ಬದುಕಿರಲಿಲ್ಲ.

"ಊಟ ಆದ್ಮೇಲೆ ಒಳಗೆ ಹೋಗಿದ್ದು ನೀವೊಬ್ರೇ," ಎಂದಳು ಇನ್‌ಸ್ಪೆಕ್ಟರ್. "ಹೊರಗೆ ಬಂದು ಏನಂದ್ರಿ?"

"'ಅಣ್ಣ ಓದೋಕೆ ಕೂತ, ಸದ್ದು ಮಾಡ್ಬೇಡಿ' ಅಂದೆ."

"ಆಮೇಲೆ ಕೇಳಿದ್ದು ಅಣ್ಣನ ಓದಲ್ಲ. ಅದು ರೆಕಾರ್ಡು. ಅವರು ಆಗಲೇ ನೆಲದ ಮೇಲಿದ್ರು. ನೀವು ಇಲ್ಲಿ ಕೂತು, ಬುಟ್ಟಿಯಲ್ಲಿದ್ದ ಅವರ ಫೋನಿಂದ ಓದು ಹಾಕ್ತಿದ್ರಿ, ನಿಲ್ಲಿಸ್ತಿದ್ರಿ."

ಬಾಗಿಲ ಬಳಿ ಒಂದು ಬೆತ್ತದ ಬುಟ್ಟಿಯಿತ್ತು. ಒಳಕೋಣೆಗೆ ಹೋಗುವವರು ಯಜಮಾನನೇ ಆಗಿರಲಿ, ಫೋನನ್ನು ಅದರಲ್ಲಿ ಹಾಕಿಯೇ ಹೋಗಬೇಕು. ಓದಿನ ನಡುವೆ ಫೋನು ಗುರುಗುಟ್ಟಿದರೆ ಇಡೀ ಪುಟ ಹಾಳು.

ತಮ್ಮನ ಮುಖ ಹುಳ್ಳಗಾಯಿತು. "ಅಣ್ಣನ ಜೊತೆ ನಾನು ಜಗಳ ಆಡಿದ್ದು ನಿಜ ಮೇಡಂ. ಎದುರಿಗೇ ಆಡಿದ್ದೀನಿ, ಇಡೀ ಬೀದಿಗೆ ಕೇಳೋ ಹಾಗೆ. ಬೆನ್ನ ಹಿಂದೆ ಆಟ ಕಟ್ಟೋ ಜಾಣತನ ನನಗಿಲ್ಲ."

"ಒಳಗೆ ಏನು ಮಾತಾಯ್ತು?"

"ಅವನು ನನ್ನ ಮುಖ ಕೂಡ ನೋಡ್ಲಿಲ್ಲ. 'ಓದೋಕೆ ಕೂತೆ ಅಂತ ಹೊರಗೆ ಹೇಳು' ಅಂದ. ಅದನ್ನೇ ಬಂದು ಹೇಳಿದೆ. ಬೇಕಾದ್ರೆ ಇವಳನ್ನ ಕೇಳಿ, ನಾನು ಆ ಬುಟ್ಟಿ ಮುಟ್ಟಿದ್ನಾ ಅಂತ."

"ಮುಟ್ಲಿಲ್ಲ," ಎಂದಳು ಕಿವಿ. ಅವಳಿಗೆ ತಮ್ಮನನ್ನು ಕಂಡರೆ ಅಷ್ಟಕ್ಕಷ್ಟೇ, ಆದರೂ ಹೇಳಿದಳು. "ಕಿತ್ತಳೆ ಸುಲೀತಾ ಕೂತಿದ್ರು, ಎರಡೂ ಕೈ ಅಂಟಂಟು. ಒಂದ್ಸಲ ಜೋರಾಗಿ ನಕ್ಕರು, ಒಳಗೆ ಓದು ನಿಂತೋಯ್ತು. ಯಜಮಾನ್ರಿಗೆ ಸಿಟ್ಟು ಬಂತು ಅಂದ್ಕೊಂಡು ಇಬ್ರೂ ಬಾಯಿ ಮುಚ್ಕೊಂಡ್ವಿ. ಇನ್ನೊಂದ್ಸಲ ಪಾರ್ಸೆಲ್ಲಿನವನು ಬಾಗಿಲು ಬಡಿದಾಗ ನಿಂತಿತು."

ಹೊರಗೆ ಸದ್ದಾದಾಗ ಓದು ನಿಂತಿದೆ. ಅಂದರೆ ಫೋನು ಹಿಡಿದ ಕೈಗೆ ಈ ಕೋಣೆಯ ಸದ್ದು ಕೇಳುತ್ತಿತ್ತು. ಇಲ್ಲಿ ಇದ್ದವರು ಇಬ್ಬರು. ಒಬ್ಬನ ಕೈ ಅಂಟು, ಇನ್ನೊಬ್ಬಳು ತಾನಾಗಿ ಬಂದು ಸುಳಿವು ಕೊಟ್ಟವಳು. ಇನ್‌ಸ್ಪೆಕ್ಟರ್ ಬುಟ್ಟಿಯನ್ನು ಎತ್ತಿ ನೋಡಿದಳು. ಒಳಗೆ ಒಂದು ರಬ್ಬರ್‌ಬ್ಯಾಂಡ್ ಬಿಟ್ಟರೆ ಬೇರೇನಿಲ್ಲ.

"ಅವತ್ತು ಯಜಮಾನರ ಫೋನು ಇದರಲ್ಲಿತ್ತಾ?"

"ಇತ್ತು. ಆಮೇಲೆ ಅಕ್ಕ ತಗೊಂಡು ಹೋದ್ರು, ಚಾರ್ಜಿಗೆ ಹಾಕ್ತೀನಿ ಅಂತ."

"ಯಾವ ಅಕ್ಕ?"

"ನಮ್ಮಕ್ಕ," ಎಂದ ತಮ್ಮ. "ಆ ಹುಡುಗನ ತಾಯಿ. ಇನ್ಯಾರು?"

ಇನ್‌ಸ್ಪೆಕ್ಟರ್ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು. "ಅಕ್ಕ ಅವತ್ತು ಮಧ್ಯಾಹ್ನದಿಂದ್ಲೂ ಇಲ್ಲೇ ಇದ್ರಾ? ಇಬ್ಬರೇ ಇದ್ವಿ ಅಂತ ಹೇಳಿದ್ರಿ ನನಗೆ."

"ಇಲ್ಲಿ ಇಬ್ರೇ ಇದ್ದಿದ್ದು," ಎಂದಳು ಕಿವಿ ಅಚ್ಚರಿಯಿಂದ. "ಅಕ್ಕ ಅಡುಗೆಮನೇಲಿದ್ರು. ದಿನಾ ಇರ್ತಾರೆ. ನಮಗೆಲ್ಲ ಚಹಾ ಮತ್ಯಾರು ಮಾಡ್ಬೇಕು?"

ಅಡುಗೆಮನೆಗೆ ಈ ಕಡೆ ಬಾಗಿಲೇ ಇರಲಿಲ್ಲ. ಇನ್‌ಸ್ಪೆಕ್ಟರ್ ಅಲ್ಲಿ ಹೋಗಿ ನಿಂತಳು. ಒಲೆ, ತೊಳೆದು ಬೋರಲು ಹಾಕಿದ ಲೋಟಗಳು, ಕೂರಲು ಒಂದು ಸ್ಟೂಲು. ತಮ್ಮ ಮೂಗು ಏರಿಸಿದ್ದು ಕೂಡ ಅಲ್ಲಿಗೆ ಕೇಳಿಸಿತು.

ಹೆಣದ ಜೇಬಿನಲ್ಲಿ ಫೋನು ಸಿಕ್ಕಿತ್ತು. ಅದನ್ನು ಹೊರತೆಗೆದವಳು ಇನ್‌ಸ್ಪೆಕ್ಟರೇ. ಬುಟ್ಟಿಯಲ್ಲಿರಬೇಕಾದ ಫೋನು ಜೇಬಿನಲ್ಲೇಕೆ ಎಂದು ಅಂದು ಅವಳಿಗೆ ಹೊಳೆಯುವಂತಿರಲಿಲ್ಲ. ಹುಡುಗ ಕಿರುಚಿದ ಮೇಲೆ ಎಲ್ಲರಿಗಿಂತ ಮೊದಲು ಓಡಿಹೋಗಿ ಅಣ್ಣನನ್ನು ತಬ್ಬಿಕೊಂಡು ಬಿದ್ದವಳು ಯಾರೆಂಬುದು ಎಲ್ಲರ ಹೇಳಿಕೆಯಲ್ಲೂ ಇತ್ತು. ಓದಿದ ಇನ್‌ಸ್ಪೆಕ್ಟರ್, ಕೂಗು ಕೇಳಿ ಆಗಷ್ಟೇ ಬಂದವಳೆಂದುಕೊಂಡು, ಅಯ್ಯೋ ಪಾಪ ಎಂದಿದ್ದಳು.

*

ಠಾಣೆಗೆ ಮರಳಿದಾಗ ಅವಳು ಹಿಂದಿನ ಬಾಗಿಲಿಗೆ ಸುತ್ತು ಹಾಕಲಿಲ್ಲ. ನೇರ ಬೆಂಚಿನ ಮುಂದೆ ಬಂದು ನಿಂತಳು. ತಾಯಿ ಎದ್ದಳು, ಡಬ್ಬಿಯನ್ನು ಎದೆಗೆ ಹಿಡಿದುಕೊಂಡು.

"ನನ್ನ ಮಗನ್ನ ಬಿಡ್ತೀರಾ, ತಾಯೀ?"

"ಬಿಡ್ತೀನಮ್ಮ. ಅವನು ಅಂಗಡಿಯಲ್ಲಿದ್ದ ಹೊತ್ತಿಗೇ ನಿಮ್ಮಣ್ಣ ಸತ್ತಿದ್ರು. ಓದಿದ್ದು ರೆಕಾರ್ಡು."

ಕೊಲೆಗಾತಿಯ ಮುಖ ಬಿಳಿಚಿಕೊಳ್ಳಬೇಕಿತ್ತು. ಈ ಮುಖ ಅರಳಿತು. ಇನ್‌ಸ್ಪೆಕ್ಟರಿಗೆ ಅದು ಒಂಚೂರೂ ಹಿಡಿಸಲಿಲ್ಲ.

"ಫೋನು ನಿಮ್ಮ ಹತ್ರ ಇತ್ತು," ಎಂದಳು ತಗ್ಗಿದ ದನಿಯಲ್ಲಿ.

ತಾಯಿ ತಲೆ ತಗ್ಗಿಸಿದಳು. "ಮೊದಲು ಅವನು ಹೊರಗೆ ಬರಲಿ. ಅವನು ಈ ಹೊಸ್ತಿಲು ದಾಟಲಿ. ಆಮೇಲೆ ನೀವು ಕೇಳಿದ್ದೆಲ್ಲ ಹೇಳ್ತೀನಿ, ಒಂದಕ್ಷರ ಮುಚ್ಚಿಡಲ್ಲ."

ಇಂಥ ಷರತ್ತಿಗೆ ಒಪ್ಪುವುದು ಇಲಾಖೆಯ ಪದ್ಧತಿಯಲ್ಲ. ಆದರೆ ಹುಡುಗನನ್ನು ಹಿಡಿದಿಡಲು ಈಗ ಕಾರಣವೂ ಇರಲಿಲ್ಲ. ಇನ್‌ಸ್ಪೆಕ್ಟರ್ ಒಳಗೆ ಹೋಗಿ ಸಹಿ ಹಾಕಿದಳು. ದಫೇದಾರ ಹುಡುಗನ ಬೆಲ್ಟು, ಕೈಗಡಿಯಾರ, ಪರ್ಸು ಹಿಂದಿರುಗಿಸಿದ. ಹುಡುಗ ತಾಯಿಯ ಕೈ ಹಿಡಿದು ಅಮುಕಿ, ಹೊಸ್ತಿಲು ದಾಟಿ, ಮೆಟ್ಟಿಲ ಮೇಲೆ ಕೂತು ಚಪ್ಪಲಿಯ ಪಟ್ಟಿ ಹಾಕಿಕೊಳ್ಳತೊಡಗಿದ.

"ಈಗ ಹೇಳಿ," ಎಂದಳು ಇನ್‌ಸ್ಪೆಕ್ಟರ್.

"ಹಾಕಿದ್ದು ನಾನೇ, ನಿಲ್ಲಿಸಿದ್ದೂ ನಾನೇ. ಫೋನು ಅಣ್ಣನ ಜೇಬಿಗೆ ಇಟ್ಟಿದ್ದೂ ನಾನೇ." ಅವಳ ದನಿ ಹಗುರಾಗಿತ್ತು, ತಲೆಹೊರೆ ಇಳಿಸಿದವರ ಹಾಗೆ. "ಆದ್ರೆ ನಾನು ಅವನ ಮೈ ಮುಟ್ಟಲಿಲ್ಲ ತಾಯೀ. ಹಾಗೆ ಮಾಡು ಅಂದಿದ್ದು ಅಣ್ಣನೇ. 'ಹಿಂದಿನ ಮೆಟ್ಟಿಲಿಂದ ಹೋಗಿ ಸ್ವಲ್ಪ ಹೊತ್ತಲ್ಲಿ ಬರ್ತೀನಿ, ತಮ್ಮನಿಗೆ ತಿಳೀಬಾರದು. ನಾನು ಬರೋವರೆಗೂ ಓದಿಸ್ತಿರು, ಹೊರಗೆ ಗಲಾಟೆ ಆದ್ರೆ ನಿಲ್ಲಿಸು, ನಾನು ಹಾಗೇ ಮಾಡ್ತೀನಲ್ಲ' ಅಂದ. ಯಾರಿಗೂ ಹೇಳ್ಬೇಡ ಅಂತ ಕೈ ಮೇಲೆ ಭಾಷೆ ತಗೊಂಡ."

"ಎಲ್ಲಿಗೆ ಹೋದ್ರು?"

"ಹೇಳಲಿಲ್ಲ. ವಾಪಸ್ ಬಂದ. ಹಿಂದಿನ ಬಾಗಿಲು ಕಿರ್ ಅಂದಿದ್ದು, ಒಳಗಿನಿಂದ ಚಿಲಕ ಹಾಕಿದ್ದು ಕೇಳಿಸ್ತು, 'ಸಾಕು, ನಿಲ್ಲಿಸು' ಅಂತ ಅಡುಗೆಮನೆ ಗೋಡೆ ತಟ್ಟಿದ. ನಿಲ್ಲಿಸಿದೆ. ಅಷ್ಟರಲ್ಲಿ ಇವನು ಅಂಗಡಿಯಿಂದ ಬಂದ, ಅಣ್ಣನ ಹತ್ರ ಒಳಗೆ ಹೋದ..."

ಅವಳು ಇನ್ನೂ ಏನೋ ಹೇಳುತ್ತಿದ್ದಳು. ಇನ್‌ಸ್ಪೆಕ್ಟರಿಗೆ ಕೇಳಿಸುತ್ತಿರಲಿಲ್ಲ. ದನಿ ಸುಳ್ಳಾದರೆ ಮನುಷ್ಯ ಸತ್ತಿದ್ದ ಎಂದು ಅವಳೇ ಅಂದುಕೊಂಡಿದ್ದಳು, ಯಾರೂ ಹೇಳಿಕೊಟ್ಟಿರಲಿಲ್ಲ. ಓದು ನಿಂತಾಗ ಯಜಮಾನ ಬದುಕಿದ್ದ. ಗೋಡೆ ತಟ್ಟಿದ್ದ. ಆ ಬಳಿಕ ಬಾಗಿಲು ತೆರೆದು ಒಳಗೆ ಹೋದವನು ಒಬ್ಬನೇ.

"ಅಮ್ಮಾ, ಬಾ," ಎಂದು ಹುಡುಗ ಮೆಟ್ಟಿಲಿನಿಂದ ಕೂಗಿದ. "ಮನೆಗೆ ಹೋಗೋಣ."

"ಒಂದು ನಿಮಿಷ ನಿಲ್ಲಪ್ಪ," ಎಂದಳು ಇನ್‌ಸ್ಪೆಕ್ಟರ್.

ಆ ದನಿ ಕೇಳಿ ತಾಯಿ ಮಾತು ನಿಲ್ಲಿಸಿದಳು. ಇನ್‌ಸ್ಪೆಕ್ಟರಿನ ಮುಖ ನೋಡಿದಳು, ಮಗನ ಬೆನ್ನು ನೋಡಿದಳು. ತಾನು ಹೇಳಿದ್ದೇನು ಎಂಬುದು ಅವಳಿಗೆ ಆಗ ತಿಳಿಯಿತು.

"ಸುಳ್ಳು," ಎಂದಳು. "ಈಗ ಹೇಳಿದ್ದೆಲ್ಲ ಸುಳ್ಳು ತಾಯೀ. ನಾನೇ ಕೊಂದಿದ್ದು. ಬರ್ಕೊಳ್ಳಿ."